ಹೈಡ್ರಾಲಿಕ್ ಸಸ್ಪೆನ್ಷನ್ ಹೊಂದಿರುವ ವಾಹನಗಳ ನಿಲುವಿನ ಎತ್ತರ: ಪರಿಶೀಲಿಸುವ ಮತ್ತು ಸರಿಪಡಿಸುವ ಕ್ರಮ

(ಸಾರ್ವಜನಿಕರ ಹಾಗೂ ವಾಹನ ಮಾಲೀಕರ ಮಾಹಿತಿಗಾಗಿ)

ಬೆಂಗಳೂರು ಉತ್ತರ ಭಾಗದ ಅಲ್ಲಾಳಸಂದ್ರದ ಬದಿಯಿಂದ ಹಾದುಹೋಗುವ ಬಳ್ಳಾರಿ ರಸ್ತೆಯು, 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾದ ನಂತರ, ರಾಜ್ಯದ ಅತ್ಯಂತ ದಟ್ಟಣೆಯ ರಸ್ತೆಗಳಲ್ಲೊಂದಾಗಿದೆ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಬಸ್ಸುಗಳು, ಬೆಲೆಬಾಳುವ ಹೊಸ ಕಾರುಗಳು, ಅಪರೂಪಕ್ಕೆ ಹಳೆಯ ಕಾಲದ ವಿದೇಶಿ ಕಾರುಗಳು ಈ ರಸ್ತೆಯಲ್ಲಿ ಸಂಚರಿಸುತ್ತವೆ. ಇವುಗಳಲ್ಲಿ ಕೆಲವು ವಾಹನಗಳ ದೇಹಭಾಗವನ್ನು ಹೊತ್ತಿರುವುದು ಉಕ್ಕಿನ ಸ್ಪ್ರಿಂಗ್ ಅಲ್ಲ. ಒತ್ತಡದಲ್ಲಿರುವ ದ್ರವ ಅಥವಾ ಗಾಳಿ. ಇಂತಹ ವಾಹನಗಳು ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಆ ಎತ್ತರವನ್ನು ಹೇಗೆ ಅಳೆಯಬೇಕು, ವ್ಯತ್ಯಾಸ ಕಂಡುಬಂದಲ್ಲಿ ಯಾವ ಕ್ರಮವನ್ನು ಅನುಸರಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ನಿಲುವಿನ ಎತ್ತರ ಎಂದರೇನು?

ವಾಹನವು ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ, ತಯಾರಕರು ಗೊತ್ತುಪಡಿಸಿದ ಒಂದು ಬಿಂದುವಿನಿಂದ ನೆಲದವರೆಗೆ ಇರುವ ಅಂತರವನ್ನು ನಿಲುವಿನ ಎತ್ತರ ಎನ್ನಬಹುದು. ಈ ಬಿಂದುವು ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಒಂದರಂತೆ ಬೇರೆ ಬೇರೆಯಾಗಿರುತ್ತದೆ. ಚಕ್ರದ ಮೇಲಿನ ಮಡ್‌ಗಾರ್ಡ್‌ನ ಅಂಚನ್ನು ಆಧಾರವಾಗಿ ಇಟ್ಟುಕೊಳ್ಳುವುದು ರೂಢಿಯಲ್ಲಿದ್ದರೂ ಅದು ಸರಿಯಾದ ಕ್ರಮವಲ್ಲ. ಹಿಂದೆ ಎಂದಾದರೂ ಅಪಘಾತವಾಗಿ ದೇಹಭಾಗದ ದುರಸ್ತಿ ನಡೆದಿದ್ದಲ್ಲಿ ಆ ಅಂಚು ಮೂಲ ಸ್ಥಾನದಲ್ಲಿರುವ ಖಾತರಿ ಇರುವುದಿಲ್ಲ.

ನಿಲುವಿನ ಎತ್ತರವು ಕೇವಲ ನೋಟಕ್ಕೆ ಸಂಬಂಧಿಸಿದ ವಿಷಯವಲ್ಲ. ಹಿಂಭಾಗ ಕುಸಿದ ವಾಹನದ ಹೆಡ್‌ಲೈಟ್ ಮೇಲ್ಮುಖವಾಗಿ ಎದುರಿನಿಂದ ಬರುವವರ ಕಣ್ಣು ಕೋರೈಸುತ್ತದೆ. ಎತ್ತರ ಬದಲಾದಂತೆ ಚಕ್ರಗಳ ಕೋನ ಬದಲಾಗಿ ಟೈರುಗಳು ಒಂದೇ ಬದಿಯಲ್ಲಿ ಸವೆಯುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ ಮತ್ತು 10 ಸೆಂಟಿಮೀಟರ್ ಎತ್ತರವಿರಬೇಕು. ಬಡಾವಣೆಯ ಒಳರಸ್ತೆಗಳಲ್ಲಿ ಇದಕ್ಕಿಂತ ಕಡಿದಾದ ಉಬ್ಬುಗಳೂ ಇರುವುದರಿಂದ, ಕುಸಿದ ವಾಹನದ ತಳಭಾಗವು ಅವುಗಳಿಗೆ ತಾಗಿ ಕೊಳವೆಗಳು ಜಖಂ ಆಗುವ ಸಂಭವವಿರುತ್ತದೆ.

2. ಈ ವ್ಯವಸ್ಥೆ ಕೆಲಸ ಮಾಡುವ ಬಗೆ

ಫ್ರಾನ್ಸ್ ದೇಶದ ಸಿಟ್ರೊಯೆನ್ ಸಂಸ್ಥೆಯು 1954ರಲ್ಲಿ ತನ್ನ ಒಂದು ಕಾರಿನ ಹಿಂದಿನ ಚಕ್ರಗಳಿಗೆ, 1955ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅನಾವರಣಗೊಂಡ ಡಿಎಸ್ ಮಾದರಿಯ ನಾಲ್ಕೂ ಚಕ್ರಗಳಿಗೆ ಈ ವ್ಯವಸ್ಥೆಯನ್ನು ಅಳವಡಿಸಿತು. ಇದರ ರೂವಾರಿ ಪಾಲ್ ಮಾಜೆಸ್ ಎಂಬ ತಂತ್ರಜ್ಞರು. ಪ್ರತಿ ಚಕ್ರಕ್ಕೂ ಒಂದು ಲೋಹದ ಗೋಳವಿದ್ದು, ಅದರೊಳಗೆ ರಬ್ಬರಿನಂತಹ ಪೊರೆಯ ಒಂದು ಬದಿಯಲ್ಲಿ ಸಾರಜನಕ ಅನಿಲವೂ ಇನ್ನೊಂದು ಬದಿಯಲ್ಲಿ ದ್ರವವೂ ಇರುತ್ತವೆ. ಅನಿಲವು ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ದ್ರವವು ಭಾರವನ್ನು ಸಾಗಿಸುತ್ತದೆ. ಎಂಜಿನ್‌ನಿಂದ ನಡೆಯುವ ಪಂಪು ಮುಖ್ಯ ಸಂಗ್ರಾಹಕದಲ್ಲಿ ಸುಮಾರು 145ರಿಂದ 170 ಬಾರ್ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡವು ಎರಡು ಬಾರ್‌ನ ಆಸುಪಾಸಿನಲ್ಲಿರುತ್ತದೆ ಎಂಬುದನ್ನು ಗಮನಿಸಿದಲ್ಲಿ ಈ ಸಂಖ್ಯೆಯ ಮಹತ್ವ ತಿಳಿಯುತ್ತದೆ.

ಎತ್ತರವನ್ನು ನಿರ್ಧರಿಸುವುದು ಗೋಳವಲ್ಲ. ಎತ್ತರ ನಿಯಂತ್ರಕ ಎಂಬ ಚಿಕ್ಕ ಕವಾಟ. ಸಾಮಾನ್ಯವಾಗಿ ಮುಂದಿನ ಎರಡು ಚಕ್ರಗಳಿಗೆ ಒಂದು, ಹಿಂದಿನ ಎರಡಕ್ಕೆ ಒಂದು ನಿಯಂತ್ರಕವಿರುತ್ತದೆ. ಅದನ್ನು ಸಣ್ಣ ಸರಳಿನ ಮೂಲಕ ಆ್ಯಂಟಿ ರೋಲ್ ಬಾರ್‌ನ ನಡುಭಾಗಕ್ಕೆ ಜೋಡಿಸಲಾಗಿರುತ್ತದೆ. ಪ್ರಯಾಣಿಕರು ಕುಳಿತು ಕಾರು ತಗ್ಗಿದರೆ ಕವಾಟವು ದ್ರವವನ್ನು ಒಳಬಿಡುತ್ತದೆ. ಅವರು ಇಳಿದು ಕಾರು ಏರಿದರೆ ಹೊರಬಿಡುತ್ತದೆ. ಸರಿಯಾದ ಎತ್ತರದಲ್ಲಿ ಮುಚ್ಚಿಕೊಂಡಿರುತ್ತದೆ. ರಸ್ತೆಯ ಪ್ರತಿ ಗುಂಡಿಗೂ ಪ್ರತಿಕ್ರಿಯಿಸದಂತೆ ಇದರ ಚಲನೆಯನ್ನು ಬೇಕೆಂದೇ ನಿಧಾನಗೊಳಿಸಲಾಗಿದೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿದುಬರುತ್ತದೆ. ಗೋಳದಲ್ಲಿನ ಅನಿಲ ಕಡಿಮೆಯಾದರೆ ಸವಾರಿಯು ಗಡುಸಾಗುತ್ತದೆಯೇ ಹೊರತು ಎತ್ತರ ಕಡಿಮೆಯಾಗುವುದಿಲ್ಲ. ನಿಯಂತ್ರಕವು ಹೆಚ್ಚಿನ ದ್ರವವನ್ನು ಬಿಟ್ಟು ಕೊರತೆಯನ್ನು ತುಂಬಿಕೊಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಎರಡು ಬದಿಯ ಮೊತ್ತ ಸರಿಹೊಂದಿದ ಮಾತ್ರಕ್ಕೆ ಒಳಗಿನ ನಮೂದುಗಳೆಲ್ಲ ಸರಿಯೆಂದು ಹೇಳಲಾಗದು. ಅದೇ ರೀತಿ ಎತ್ತರ ಸರಿಯಿದ್ದ ಮಾತ್ರಕ್ಕೆ ಗೋಳಗಳು ಸುಸ್ಥಿತಿಯಲ್ಲಿವೆ ಎಂದು ತಿಳಿಯತಕ್ಕದ್ದಲ್ಲ. ಗಡುಸಾದ ಸವಾರಿಯನ್ನು ಸರಿಪಡಿಸಲು ಎತ್ತರವನ್ನು ಬದಲಿಸುವುದೂ ಸರಿಯಲ್ಲ.

3. ಯಾವ ವಾಹನಗಳಿಗೆ ಅನ್ವಯಿಸುತ್ತದೆ?

ಸಿಟ್ರೊಯೆನ್‌ನ ಡಿಎಸ್, ಜಿಎಸ್, ಸಿಎಕ್ಸ್, ಬಿಎಕ್ಸ್, ಎಕ್ಸ್‌ಎಂ, ಕ್ಸಾಂಟಿಯಾ ಹಾಗೂ ಹಳೆಯ ಸಿ5 ಮಾದರಿಗಳು ಈ ವರ್ಗಕ್ಕೆ ಸೇರಿವೆ. ಈ ಪೀಳಿಗೆಯ ಕೊನೆಯ ಕಾರಿನ ತಯಾರಿಕೆ 2017ರಲ್ಲಿ ನಿಂತಿತು. 1965ರಲ್ಲಿ ಬಂದ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ ಕಾರಿನಲ್ಲಿ ಸಿಟ್ರೊಯೆನ್‌ನ ಪರವಾನಗಿ ಪಡೆದು ಎತ್ತರ ಸಮಗೊಳಿಸುವ ಹೈಡ್ರಾಲಿಕ್ ವ್ಯವಸ್ಥೆಯನ್ನು ಅಳವಡಿಸಲಾಗಿತ್ತು.

ಸಿಟ್ರೊಯೆನ್ ಸಂಸ್ಥೆಯು 2021ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದ ಸಿ5 ಏರ್‌ಕ್ರಾಸ್ ಕಾರಿನಲ್ಲಿ 'ಹೈಡ್ರಾಲಿಕ್' ಎಂಬ ಪದ ಬಳಕೆಯಲ್ಲಿದ್ದರೂ ಅದು ಬೇರೆ ವ್ಯವಸ್ಥೆ. ಅದರಲ್ಲಿ ಡ್ಯಾಂಪರ್‌ನ ಕೊನೆಯ ಹಂತದ ಹೊಡೆತವನ್ನು ದ್ರವವು ತಡೆಯುತ್ತದೆ. ಎತ್ತರವನ್ನು ಕಾಯುವುದು ಉಕ್ಕಿನ ಸ್ಪ್ರಿಂಗ್. ಅಂತಹ ಕಾರಿನ ಎತ್ತರವನ್ನು ಈ ಲೇಖನದ ಕ್ರಮದಲ್ಲಿ ಹೊಂದಿಸಲು ಬರುವುದಿಲ್ಲ. ಗಾಳಿ ತುಂಬಿದ ಸಸ್ಪೆನ್ಷನ್ ಇರುವ ಹಲವು ಆಧುನಿಕ ಕಾರುಗಳಲ್ಲಿ ಸರಳಿನ ಬದಲು ವಿದ್ಯುನ್ಮಾನ ಸಂವೇದಕಗಳಿದ್ದು, ಅಧಿಕೃತ ಉಪಕರಣದ ಮೂಲಕ ಮಾತ್ರ ಅವನ್ನು ಹೊಂದಿಸಬೇಕಾಗುತ್ತದೆ. ಆದರೆ ಅಳತೆಗೆ ಮುನ್ನ ಮಾಡಬೇಕಾದ ಸಿದ್ಧತೆ ಮತ್ತು ಸುರಕ್ಷತೆಯ ಸೂಚನೆಗಳು ಎಲ್ಲ ವಾಹನಗಳಿಗೂ ಸಮಾನವಾಗಿವೆ.

4. ಮೊದಲು ತಿಳಿಯಬೇಕಾದ ಎಚ್ಚರಿಕೆ

ದ್ರವ ಅಥವಾ ಗಾಳಿಯ ಒತ್ತಡವೊಂದರ ಮೇಲೆಯೇ ನಿಂತಿರುವ ವಾಹನದ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು. ಎಂಜಿನ್ ನಿಂತಾಗ, ಕೊಳವೆಯೊಂದು ಸಡಿಲವಾದಾಗ, ಒಳಗಿರುವವರು ಎತ್ತರದ ಸನ್ನೆಯನ್ನು ಅರಿಯದೆ ಸರಿಸಿದಾಗ ವಾಹನವು ಯಾವ ಸೂಚನೆಯೂ ಇಲ್ಲದೆ ಕೆಳಗಿಳಿಯುತ್ತದೆ. ಇಳಿದ ಮೇಲೆ ತಳಕ್ಕೂ ನೆಲಕ್ಕೂ ನಡುವೆ ಮನುಷ್ಯನ ಎದೆಗೆ ಬೇಕಾದಷ್ಟು ಸ್ಥಳವೂ ಉಳಿಯುವುದಿಲ್ಲ. ಸನ್ನೆಯನ್ನು ಅತಿ ಎತ್ತರದ ಸ್ಥಾನಕ್ಕೆ ತಂದರೆ ಕೆಳಗೆ ನುಸುಳುವಷ್ಟು ಜಾಗ ಸಿಗುತ್ತದೆ ಎಂಬುದೇ ಈ ವಾಹನಗಳ ದೊಡ್ಡ ಅಪಾಯ. ಆ ಸ್ಥಾನವು ಚಕ್ರ ಬದಲಿಸಲು ಮತ್ತು ತೀರ ಕೆಟ್ಟ ದಾರಿಯನ್ನು ನಿಧಾನವಾಗಿ ದಾಟಲು ಇರುವಂತಹದ್ದು.

ಈ ಕೆಳಕಂಡ ಅಂಶಗಳನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು:

ಅ) ಕೆಳಗೆ ಕೆಲಸ ಮಾಡುವುದಿದ್ದಲ್ಲಿ ಸರ್ವಿಸ್ ಗುಂಡಿ ಅಥವಾ ಚಕ್ರಗಳ ಮೇಲೆಯೇ ವಾಹನವನ್ನು ಎತ್ತುವ ನಾಲ್ಕು ಕಂಬಗಳ ಲಿಫ್ಟ್ ಬಳಸಬೇಕು. ಜ್ಯಾಕ್ ಬಳಸಿದಲ್ಲಿ ತಯಾರಕರು ಸೂಚಿಸಿದ ಸ್ಥಳಗಳಲ್ಲಿ ಗಟ್ಟಿಯಾದ ಸ್ಟ್ಯಾಂಡ್‌ಗಳನ್ನು ಇಡಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಹಾಗೂ ಕಲ್ಲುಗಳನ್ನು ಆಧಾರವಾಗಿ ಕೊಡಬಾರದು.

ಆ) ಚಕ್ರ ಮತ್ತು ಮಡ್‌ಗಾರ್ಡ್‌ಗಳ ನಡುವೆ ಕೈ ಅಥವಾ ತಲೆಯನ್ನು ತೂರಿಸಬಾರದು.

ಇ) ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ದ್ರವವು ಚರ್ಮವನ್ನು ತೂರಿ ಒಳಹೋಗಬಲ್ಲದು. ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ದ್ರವವು ಚರ್ಮದೊಳಗೆ ಹೊಕ್ಕಿದಲ್ಲಿ, ಗಾಯ ಚಿಕ್ಕದಾಗಿ ಕಂಡರೂ ವಿಳಂಬ ಮಾಡದೆ ಆಸ್ಪತ್ರೆಗೆ ತೆರಳಿ ವೈದ್ಯರಿಗೆ ಕಾರಣವನ್ನು ತಿಳಿಸಬೇಕು.

ಈ) ಸಿಟ್ರೊಯೆನ್‌ನ ಹಲವು ಮಾದರಿಗಳಲ್ಲಿ ಬ್ರೇಕಿಗೂ ಇದೇ ಪಂಪು ಒತ್ತಡವನ್ನು ಒದಗಿಸುತ್ತದೆ. ಎಚ್ಚರಿಕೆ ದೀಪ ಉರಿಯುತ್ತಿದ್ದಲ್ಲಿ ಅಥವಾ ದ್ರವ ಸೋರುತ್ತಿದ್ದಲ್ಲಿ ವಾಹನವನ್ನು ಚಲಾಯಿಸಬಾರದು.

5. ಅಳತೆಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಮೊದಲನೆಯದಾಗಿ ನೆಲವು ಸಮತಟ್ಟಾಗಿರಬೇಕು. ಬೆಂಗಳೂರಿನ ಮನೆಗಳ ಕಾರು ನಿಲ್ಲಿಸುವ ಜಾಗವನ್ನು ಮಳೆನೀರು ಹೊರಹೋಗಲೆಂದು ಇಳಿಜಾರಾಗಿ ಕಟ್ಟಿರುವುದರಿಂದ ಅಲ್ಲಿ ತೆಗೆದ ಅಳತೆ ನಂಬಿಕೆಗೆ ಅರ್ಹವಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನಾಲ್ಕು ಚಕ್ರಗಳು ನಿಲ್ಲುವ ಸ್ಥಳಗಳ ಮಟ್ಟವನ್ನು ಸುಲಭವಾಗಿ ಪರೀಕ್ಷಿಸಬಹುದು.

ಎರಡನೆಯದಾಗಿ ನಾಲ್ಕೂ ಟೈರುಗಳು ತಯಾರಕರು ಸೂಚಿಸಿದ ಅಳತೆಯವಾಗಿದ್ದು, ಅವುಗಳಲ್ಲಿ ಸರಿಯಾದ ಗಾಳಿಯಿರಬೇಕು. ಮೂರನೆಯದಾಗಿ ಡಿಕ್ಕಿಯಲ್ಲಿರುವ ಸಾಮಾನುಗಳನ್ನು ತೆಗೆದು, ಇಂಧನದ ಪ್ರಮಾಣವನ್ನು ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಇರಿಸಬೇಕು. ನಾಲ್ಕನೆಯದಾಗಿ ದ್ರವದ ಮಟ್ಟ ಮತ್ತು ಬಣ್ಣವನ್ನು ನೋಡಬೇಕು. ಸಿಟ್ರೊಯೆನ್‌ನ ಹಲವು ಮಾದರಿಗಳಿಗೆ ಹಸಿರು ಬಣ್ಣದ ಖನಿಜ ದ್ರವ, 2001ರಲ್ಲಿ ಬಂದ ಸಿ5 ಮಾದರಿಗೆ ಕಿತ್ತಳೆ ಬಣ್ಣದ ದ್ರವ ಬಳಕೆಯಾಗುತ್ತವೆ. ಇವೆರಡನ್ನೂ ಬೆರೆಸಬಾರದು. ಹಸಿರು ದ್ರವದ ವ್ಯವಸ್ಥೆಗೆ ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಬ್ರೇಕ್ ಆಯಿಲ್ ಹಾಕಿದಲ್ಲಿ ರಬ್ಬರ್ ಭಾಗಗಳೆಲ್ಲ ಹಾಳಾಗುತ್ತವೆ.

6. ಅಳೆಯುವ ಕ್ರಮ

ಎತ್ತರದ ಸನ್ನೆಯನ್ನು ಸಾಮಾನ್ಯ ಸ್ಥಾನದಲ್ಲಿರಿಸಿ, ಬಾಗಿಲುಗಳನ್ನು ಮುಚ್ಚಿ, ಎಂಜಿನ್ ಅನ್ನು ನಿಧಾನ ವೇಗದಲ್ಲಿ ಓಡಿಸುತ್ತಿರಬೇಕು. ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಸಡಿಲಿಸಬೇಕು. ಏಕೆಂದರೆ ಎತ್ತರ ಬದಲಾಗುವಾಗ ಚಕ್ರಗಳು ತುಸು ಉರುಳುತ್ತವೆ. ವಾಹನವು ಜಾರದಂತೆ, ಆದರೆ ಚಕ್ರಗಳು ತುಸು ಚಲಿಸಲು ಅವಕಾಶವಿರುವಂತೆ ಅಡೆಗಳನ್ನು ಇಡಬೇಕು. ಕೆಲಸವನ್ನು ತೆರೆದ ಸ್ಥಳದಲ್ಲಿ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಹೊಗೆಯು ಪ್ರಾಣಾಪಾಯಕಾರಿ.

ಒಂದೇ ಅಳತೆಯನ್ನು ನಂಬುವಂತಿಲ್ಲ. ಕವಾಟವು ಮುಚ್ಚಿಕೊಳ್ಳುವ ಸ್ಥಾನವು ಒಂದು ರೇಖೆಯಲ್ಲ, ಒಂದು ಸಣ್ಣ ಪಟ್ಟಿ. ವಾಹನವು ಕೆಳಗಿನಿಂದ ಏರಿ ಬಂದರೆ ಪಟ್ಟಿಯ ಕೆಳ ಅಂಚಿನಲ್ಲಿ, ಮೇಲಿನಿಂದ ಇಳಿದು ಬಂದರೆ ಮೇಲಂಚಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಎರಡೂ ಕಡೆಯಿಂದ ಅಳೆದು ಸರಾಸರಿ ತೆಗೆಯುವುದು ಕ್ರಮ.

ಮೊದಲು ಬಂಪರ್ ಬಳಿ ಹಿಡಿದು ವಾಹನವನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು. ಕೆಲವು ಕ್ಷಣಗಳಲ್ಲಿ ದ್ರವ ಹೊರಹೋಗಿ ಭಾರ ಹೆಚ್ಚಾದಂತೆ ತೋರುತ್ತದೆ. ಆಗ ಬಿಟ್ಟರೆ ವಾಹನವು ತಗ್ಗಿ, ನಂತರ ತಾನಾಗಿಯೇ ಏರಿ ನಿಲ್ಲುತ್ತದೆ. ಇದು ಮೊದಲನೆಯ ಅಳತೆ. ಅನಂತರ ವಾಹನವನ್ನು ಕೆಳಕ್ಕೆ ಒತ್ತಿ ಹಿಡಿದು ಬಿಡಬೇಕು. ಅದು ಏರಿ, ನಂತರ ಇಳಿದು ನಿಲ್ಲುತ್ತದೆ. ಇದು ಎರಡನೆಯ ಅಳತೆ. ಉದಾಹರಣೆಗೆ ಮೊದಲನೆಯದು 158 ಮಿಲಿಮೀಟರ್, ಎರಡನೆಯದು 166 ಮಿಲಿಮೀಟರ್ ಇದ್ದಲ್ಲಿ ಸರಾಸರಿ 162. ಕೈಪಿಡಿಯಲ್ಲಿ 165 ಎಂದಿದ್ದರೆ ಕೊರತೆ ಮೂರು ಮಿಲಿಮೀಟರ್. ಅದು ಕೈಪಿಡಿಯು ಅನುಮತಿಸಿದ ವ್ಯತ್ಯಾಸದೊಳಗೆ ಇದೆಯೇ ಎಂದು ನೋಡಬೇಕು. (ಇಲ್ಲಿನ ಅಂಕಿಗಳು ಲೆಕ್ಕದ ವಿವರಣೆಗಾಗಿ ಮಾತ್ರ.) ಮುಂಭಾಗ ಹಾಗೂ ಹಿಂಭಾಗ ಎರಡಕ್ಕೂ ಇದೇ ಕ್ರಮವನ್ನು ಅನುಸರಿಸಿ ಅಳತೆಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು.

7. ವ್ಯತ್ಯಾಸ ಕಂಡುಬಂದಲ್ಲಿ ಕಾರಣವನ್ನು ಹುಡುಕುವುದು

ವ್ಯತ್ಯಾಸ ಕಂಡ ಕೂಡಲೇ ಸರಳನ್ನು ತಿರುಗಿಸುವುದು ತರವಲ್ಲ. ಸರಿಯಿದ್ದ ಎತ್ತರವು ಕಾರಣವಿಲ್ಲದೆ ಬದಲಾಗುವುದಿಲ್ಲ.

ಎರಡು ಅಳತೆಗಳ ನಡುವಿನ ಅಂತರ ಬಹಳ ಹೆಚ್ಚಾಗಿದ್ದಲ್ಲಿ ಅಥವಾ ವಾಹನವು ಏರಲು, ಇಳಿಯಲು ತಡಮಾಡಿದಲ್ಲಿ ಸರಳಿನ ಕೀಲುಗಳು ತುಕ್ಕು ಹಿಡಿದಿರುವ ಸಂಭವವಿರುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುವ ಸರ್ವಿಸ್ ರಸ್ತೆಗಳಲ್ಲಿ ಓಡುವ ವಾಹನಗಳ ಕೀಲುಗಳಿಗೆ ಕೆಸರು ಮೆತ್ತಿಕೊಳ್ಳುವುದು ಸಹಜ. ಅವನ್ನು ಸ್ವಚ್ಛಗೊಳಿಸಿ ಗ್ರೀಸ್ ಹಚ್ಚಿದ ನಂತರ ಪುನಃ ಅಳೆದರೆ ಎಷ್ಟೋ ಸಂದರ್ಭಗಳಲ್ಲಿ ಬೇರೆ ಕೆಲಸವೇ ಬೇಕಾಗುವುದಿಲ್ಲ.

ಎಡ ಮತ್ತು ಬಲ ಬದಿಗಳ ನಡುವೆ ವ್ಯತ್ಯಾಸವಿದ್ದಲ್ಲಿ ಅದನ್ನು ಎತ್ತರ ನಿಯಂತ್ರಕದಿಂದ ಸರಿಪಡಿಸಲು ಸಾಧ್ಯವಿಲ್ಲ. ಒಂದೇ ಅಚ್ಚಿನ ಎರಡೂ ಚಕ್ರಗಳಿಗೆ ಒಂದೇ ಕವಾಟದಿಂದ ದ್ರವ ಬರುತ್ತದೆ. ಅಂತಹ ಸಂದರ್ಭದಲ್ಲಿ ನೆಲದ ಓರೆ, ಟೈರಿನ ಗಾಳಿ, ಆ್ಯಂಟಿ ರೋಲ್ ಬಾರ್ ಅಥವಾ ಹಿಂದಿನ ಅಪಘಾತದ ಪರಿಣಾಮಗಳನ್ನು ಪರಿಶೀಲಿಸಬೇಕು.

ರಾತ್ರಿಯಿಡೀ ನಿಲ್ಲಿಸಿದ ಹಳೆಯ ಮಾದರಿಯ ಕಾರು ಬೆಳಿಗ್ಗೆ ಕುಳಿತಿರುವುದು ದೋಷವಲ್ಲ. ಎಂಜಿನ್ ಚಾಲೂ ಮಾಡಿದ ಮೇಲೆ ಅದು ಮೇಲೇಳುತ್ತದೆ. ಪೂರ್ತಿ ಎದ್ದ ನಂತರವೇ ಹೊರಡಬೇಕು. ಆದರೆ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಕುಸಿದರೆ ಅಥವಾ ಎದ್ದೇಳದಿದ್ದರೆ ದುರಸ್ತಿ ಅಗತ್ಯ.

8. ಸರಿಪಡಿಸುವ ಕ್ರಮ

ಮೇಲ್ಕಂಡ ಕಾರಣಗಳು ಯಾವುವೂ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಹೊಂದಾಣಿಕೆಗೆ ಕೈಹಾಕಬೇಕು. ಈ ಕೆಲಸವನ್ನು ಅನುಭವವುಳ್ಳ ಮೆಕ್ಯಾನಿಕ್‌ನಿಂದ ಸರ್ವಿಸ್ ಗುಂಡಿಯ ಮೇಲೆ ಅಥವಾ ನಾಲ್ಕು ಕಂಬಗಳ ಲಿಫ್ಟ್‌ನ ಮೇಲೆ ಮಾಡಿಸುವುದು ಸೂಕ್ತ. ಆ್ಯಂಟಿ ರೋಲ್ ಬಾರ್‌ಗೆ ಸರಳನ್ನು ಬಿಗಿದಿರುವ ಹಿಡಿಕೆಯನ್ನು ತುಸು ಸಡಿಲಿಸಿ, ಬಹಳ ಸ್ವಲ್ಪ ತಿರುಗಿಸಿ ಬಿಗಿಯಬೇಕು. ಹಿಡಿಕೆಯ ಬಳಿ ಆಗುವ ಅಲ್ಪ ಬದಲಾವಣೆಯು ವಾಹನದ ಎತ್ತರದಲ್ಲಿ ಹಲವು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ. ಪ್ರತಿ ಬಾರಿಯೂ ಆರನೆಯ ಅಂಶದಲ್ಲಿ ಹೇಳಿದಂತೆ ಎರಡು ಅಳತೆಗಳನ್ನು ತೆಗೆಯಬೇಕು. ಮುಂಭಾಗವನ್ನು ಸರಿಪಡಿಸಿದ ಮೇಲೆ ಹಿಂಭಾಗ, ಹಿಂಭಾಗವನ್ನು ಸರಿಪಡಿಸಿದ ಮೇಲೆ ಮತ್ತೊಮ್ಮೆ ಮುಂಭಾಗವನ್ನು ನೋಡಬೇಕು; ಒಂದರ ಬದಲಾವಣೆ ಇನ್ನೊಂದರ ಮೇಲೆ ಪರಿಣಾಮ ಬೀರುತ್ತದೆ. ಕೊನೆಯಲ್ಲಿ ಹೆಡ್‌ಲೈಟ್‌ನ ದಿಕ್ಕನ್ನು ಪರಿಶೀಲಿಸಬೇಕು.

9. ತಗ್ಗು ನೆಲದ ಬಸ್ಸುಗಳು

ಸ್ವಂತ ಕಾರು ಇಲ್ಲದವರಿಗೂ ಈ ವಿಷಯ ಸಂಬಂಧಿಸಿದೆ. ಹೊಸಕೋಟೆಯ ಕಾರ್ಖಾನೆಯಲ್ಲಿ ತಯಾರಾದ ವೋಲ್ವೊ ತಗ್ಗು ನೆಲದ ಬಸ್ಸುಗಳು 2000ರ ದಶಕದ ಮಧ್ಯಭಾಗದಿಂದ ಬೆಂಗಳೂರಿನಲ್ಲಿ ಸಂಚರಿಸತೊಡಗಿದವು. ಇಂತಹ ಬಸ್ಸಿನಲ್ಲಿ ದ್ರವದ ಬದಲು ಗಾಳಿಯ ಚೀಲಗಳಿವೆ. ಆದರೆ ಎತ್ತರವನ್ನು ಕಾಯುವುದು ಇಲ್ಲಿಯೂ ಸರಳಿಗೆ ಅಥವಾ ಸಂವೇದಕಕ್ಕೆ ಜೋಡಿಸಿದ ಕವಾಟವೇ. ನಿಲ್ದಾಣದಲ್ಲಿ ಚಾಲಕರು ಗುಂಡಿಯೊತ್ತಿ ಗಾಳಿಯನ್ನು ಹೊರಬಿಟ್ಟರೆ ಬಸ್ಸು ಬಾಗಿಲ ಬದಿಗೆ ತಗ್ಗುತ್ತದೆ.

ಕೇಂದ್ರ ಸರ್ಕಾರದ 2008ರ ನಗರ ಬಸ್ಸುಗಳ ವಿವರಣೆಯಲ್ಲಿ ತಗ್ಗು ನೆಲದ ಬಸ್ಸಿನ ನೆಲದ ಎತ್ತರ 400 ಮಿಲಿಮೀಟರ್. ಪಾದಚಾರಿ ಮಾರ್ಗದ ಎತ್ತರ 150 ಮಿಲಿಮೀಟರ್ ಮೀರಬಾರದೆಂದು 2012ರ ರಸ್ತೆ ಕಾಂಗ್ರೆಸ್ ಮಾರ್ಗಸೂಚಿ ಹೇಳುತ್ತದೆ. ಎರಡೂ ಪಾಲನೆಯಾದಲ್ಲಿ ಪ್ರಯಾಣಿಕರು ಹತ್ತಬೇಕಾದದ್ದು 250 ಮಿಲಿಮೀಟರ್. ಬಸ್ಸು ತಗ್ಗಿದರೆ ಇನ್ನೂ ಕಡಿಮೆ. ಪಾದಚಾರಿ ಮಾರ್ಗದಿಂದ ದೂರ ನಿಲ್ಲಿಸಿದಲ್ಲಿ ಅಥವಾ ಕವಾಟದ ಹೊಂದಾಣಿಕೆ ತಪ್ಪಿ ಬಸ್ಸು ಎತ್ತರವಾಗಿ ನಿಂತಲ್ಲಿ ಈ ಅನುಕೂಲ ಕೈತಪ್ಪುತ್ತದೆ. ಮಂಡಿನೋವಿರುವ ಹಿರಿಯರಿಗೆ, ಊರುಗೋಲು ಬಳಸುವವರಿಗೆ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸವು ಬಸ್ಸು ಹತ್ತುವುದಕ್ಕೂ ಹತ್ತದೆ ಉಳಿಯುವುದಕ್ಕೂ ನಡುವಿನ ವ್ಯತ್ಯಾಸವಾಗುತ್ತದೆ. ಸಾರಿಗೆ ಸೌಲಭ್ಯಗಳು ಅಂಗವಿಕಲರಿಗೆ ಎಟಕುವಂತಿರಬೇಕೆಂದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 41ನೇ ಪ್ರಕರಣ ವಿಧಿಸುತ್ತದೆ. ಆ ಹಕ್ಕು ಕಾರ್ಯರೂಪಕ್ಕೆ ಬರುವುದು ಡಿಪೋದಲ್ಲಿ ಈ ಸರಳನ್ನು ಅಳೆದು ನೋಡುವ ಕೆಲಸದಿಂದಲೂ ಹೌದು.

10. ಸರಿಪಡಿಸುವುದು ಬೇರೆ, ಮಾರ್ಪಡಿಸುವುದು ಬೇರೆ

ತಯಾರಕರು ಗೊತ್ತುಪಡಿಸಿದ ಎತ್ತರಕ್ಕೆ ವಾಹನವನ್ನು ಮರಳಿ ತರುವುದು ದುರಸ್ತಿ ಕಾರ್ಯ, ಅದಕ್ಕೆ ಅಡ್ಡಿಯಿಲ್ಲ. ಆದರೆ ನೋಟಕ್ಕಾಗಿ ತಗ್ಗಿಸುವುದು, ಉಬ್ಬುಗಳಿಗೆ ಹೆದರಿ ಸ್ಪ್ರಿಂಗ್‌ಗಳ ನಡುವೆ ಸ್ಪೇಸರ್ ತುರುಕಿ ಎತ್ತರಿಸುವುದು ಬೇರೆಯೇ ವಿಷಯ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಣೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ 182ಎ(4) ಉಪಪ್ರಕರಣದಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾಗೃಹವಾಸ ಅಥವಾ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಐವತ್ತು ವರ್ಷ ಮೀರಿದ ಕಾರುಗಳಿಗೆ 2021ರಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ವಿಂಟೇಜ್ ನೋಂದಣಿಯ ಅವಕಾಶವನ್ನು ಸೇರಿಸಲಾಗಿದ್ದು, ಅದಕ್ಕೂ ವಾಹನವು ಮೂಲ ಸ್ವರೂಪದಲ್ಲಿ ಉಳಿದಿರುವುದು ಮುಖ್ಯ. ಅಲ್ಲಾಳಸಂದ್ರ ಮತ್ತು ಸುತ್ತಲಿನ ವಾಹನ ಮಾಲೀಕರು ನೋಂದಣಿಗೆ ಸಂಬಂಧಿಸಿದ ಸಂದೇಹಗಳಿಗೆ ಕೆಎ-50 ಸಂಖ್ಯೆಯ ಯಲಹಂಕ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು.

11. ಸಾರಾಂಶ

ಅ) ಸಮತಟ್ಟಾದ ನೆಲ, ಸರಿಯಾದ ಗಾಳಿ, ಸರಿಯಾದ ದ್ರವ: ಇವು ಮೂರೂ ಇಲ್ಲದೆ ಅಳೆಯಬಾರದು.

ಆ) ಎತ್ತಿ ಬಿಟ್ಟು ಒಂದು, ಒತ್ತಿ ಬಿಟ್ಟು ಒಂದು: ಎರಡು ಅಳತೆಗಳ ಸರಾಸರಿಯನ್ನು ಕೈಪಿಡಿಯೊಂದಿಗೆ ಹೋಲಿಸಬೇಕು.

ಇ) ಕಾರಣವನ್ನು ತಿಳಿಯದೆ ಹೊಂದಾಣಿಕೆ ಮಾಡಬಾರದು, ಎತ್ತರವನ್ನು ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು.

ಈ) ಗಟ್ಟಿಯಾದ ಆಧಾರವಿಲ್ಲದ ವಾಹನದ ಕೆಳಗೆ ಒಂದು ಕ್ಷಣಕ್ಕಾದರೂ ಹೋಗಬಾರದು, ಗ್ಯಾರೇಜಿನ ಕೆಲಸದ ಹುಡುಗರನ್ನೂ ಕಳುಹಿಸಬಾರದು.

ವಾಹನ ಮಾಲೀಕರು, ಚಾಲಕರು ಹಾಗೂ ಗ್ಯಾರೇಜು ನಡೆಸುವವರು ಮೇಲ್ಕಂಡ ಅಂಶಗಳನ್ನು ಗಮನದಲ್ಲಿಟ್ಟುಕೊಂಡು ತಮ್ಮ ಹಾಗೂ ಇತರರ ಸುರಕ್ಷತೆಗೆ ಸಹಕರಿಸಬೇಕಾಗಿ ಕೋರಲಾಗಿದೆ.